ಅರ ಉಜ್ಜಿದ ಮೂಲೆ

ಮಾರ್ಚ್ 3, ಬೆಳಗ್ಗೆ 8.10
ಬ್ರೇಕ್ ಲಿವರ್ ಎಳೆಯುವ ಯಂತ್ರ ಓಡುತ್ತಲೇ ಇದೆ. ನಲವತ್ತು ಸಾವಿರ ಎಳೆತ ದಾಟಿತು. ಗಾಲಿಕುರ್ಚಿಯ ಹೊಸ ಲಿವರ್, ನಾನೇ ಕೈಯಾರೆ ಮಾಡಿದ ಮಾದರಿ — ಒಂದು ಬಿರುಕೂ ಇಲ್ಲ. ಆದರೆ ಮೌಸಮ್ಮನ ಕಂಪ್ಯೂಟರಿನಲ್ಲಿ ಅದೇ ಲಿವರ್ ಒಂಬತ್ತು ಸಾವಿರಕ್ಕೇ ಮುರಿಯುತ್ತದಂತೆ! ದಿನವಿಡೀ ಮೌಸ್ ಹಿಡಿದು ಕೂರುವ ಆ ಹುಡುಗಿಗೆ ನಾನಿಟ್ಟ ಹೆಸರು. ಮುರಿಯುವುದು ಇಲ್ಲೇ ಎಂದು ಪರದೆಯ ಮೇಲೆ ಲಿವರಿನ ಒಳಮೂಲೆಯಲ್ಲಿ ಕೆಂಪು ತೋರಿಸಿದಳು. ಬಣ್ಣ ಬಳಿಯಲು ಯಾರಿಗೆ ಬರುವುದಿಲ್ಲ? ಏನೋ ಮಸಲತ್ತು ಇದೆ.

ಮಾರ್ಚ್ 4
ಮ್ಯಾನೇಜರ್ ನನ್ನ ವರ್ಕ್‌ಶಾಪಿನ ಗೋಡೆಗೆ ಟೇಪ್ ಹಿಡಿದು ಅಳೆಯುತ್ತಿದ್ದರು. ನನ್ನನ್ನು ಕಂಡದ್ದೇ ಟೇಪ್ ಜೇಬಿಗೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ನನ್ನನ್ನು ಎಬ್ಬಿಸಿ ಇಲ್ಲಿ ಕಂಪ್ಯೂಟರ್ ಕೂರಿಸುವ ಹುನ್ನಾರ.

ಅಕ್ಕ ಎಂದಿನಂತೆ ಮನೆ ಮುಂದಿನ ಇಳಿಜಾರಿನ ಮೇಲ್ತುದಿಯಲ್ಲಿ ಗಾಲಿಕುರ್ಚಿಗೆ ಬ್ರೇಕ್ ಹಾಕಿ ಕಾಯುತ್ತಿದ್ದಳು. ಎಲ್ಲ ಹೇಳಿದೆ. ನಕ್ಕಳು. "ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ ಹಳದಿ ಕಣೋ."

ಮಾರ್ಚ್ 6, ಮಧ್ಯಾಹ್ನ
ಮೌಸಮ್ಮ ಸ್ಟೂಲ್ ಎಳೆದುಕೊಂಡು ಬಂದು ಕೂತಳು. "ಇನ್ನೊಂದ್ ಲಿವರ್ ಮಾಡಿ ಸರ್, ನಾನು ಸುಮ್ನೆ ನೋಡ್ತೀನಿ."

ಗೂಢಚಾರಿಕೆ! ನೋಡಲಿ, ನನಗೇನು ಭಯ. ಕತ್ತರಿಸಿದೆ, ಕೊರೆದೆ, ಒಳಮೂಲೆಗೆ ಮೂರು ಸಲ ಅರ ಉಜ್ಜಿದೆ.

"ಈಗೇನ್ ಮಾಡಿದ್ರಿ?"

"ಏನ್ ಮಾಡ್ದೆ?"

"ಮೂಲೆ ದುಂಡಗೆ ಮಾಡಿದ್ರಲ್ಲ. ಡ್ರಾಯಿಂಗ್‌ನಲ್ಲಿ ಅದು ಚೂಪಾಗೇ ಇದೆ."

ಚೂಪು ಮೂಲೆಯಲ್ಲೇ ಬಿರುಕು ಹುಟ್ಟುವುದು, ಹಾಗೇ ಬಿಡಬಾರದು — ನನ್ನ ಗುರುಗಳು ಕಲಿಸಿದ್ದು. ಇಪ್ಪತ್ತೆರಡು ವರ್ಷದಿಂದ ಕೈ ತಾನೇ ಉಜ್ಜುತ್ತದೆ... ಅರ ಬದಿಗಿಟ್ಟು ಇನ್ನೊಂದು ಲಿವರ್ ಕತ್ತರಿಸಲು ಶುರುಮಾಡಿದೆ.

ಮಾರ್ಚ್ 11
ನಾಲ್ಕು ದಿನ ಬರೆಯಲು ಮನಸ್ಸಾಗಲಿಲ್ಲ. ಅರ ಮುಟ್ಟಿಸದೆ ಮಾಡಿದ ಲಿವರ್ ಎಂಟು ಸಾವಿರದ ಏಳುನೂರಕ್ಕೆ ಮುರಿಯಿತು. ಅವಳು ಕೆಂಪು ತೋರಿಸಿದ ಜಾಗದಲ್ಲೇ. ನಾಚಿಕೆಯಾಯಿತು. "ನೀನೇ ಸರಿ ಕಣಮ್ಮ" ಅಂದೆ.

"ನಿಮ್ ಕೈಗೆ ಗೊತ್ತಿದ್ದು ಡ್ರಾಯಿಂಗ್‌ಗೆ ಗೊತ್ತಿರ್ಲಿಲ್ಲ, ಅಷ್ಟೇ ಸರ್." ಅಲ್ಲೇ ಕೂತು ಡ್ರಾಯಿಂಗ್ ತಿದ್ದಿದಳು.

ಮ್ಯಾನೇಜರ್ ಗೋಡೆ ಅಳೆದದ್ದು ಬಣ್ಣ ಬಳಿಸಲಿಕ್ಕಂತೆ.

ಅದೇ ದಿನ, ಸಂಜೆ 5.40
ಬಸ್ಸಿನಲ್ಲೇ ಬರೆಯುತ್ತಿದ್ದೇನೆ. ಈಗ ಹೊಳೆಯಿತು. ಈ ಹೊಸದಕ್ಕೆ ಮುಂಚಿನ ಹಳೆಯ ಲಿವರ್ ಪರೀಕ್ಷಿಸಿ ಪಾಸ್ ಮಾಡಿದ್ದೂ ನಾನೇ. ಆ ಮಾದರಿಗೂ ಅರ ಉಜ್ಜಿದ್ದೆ. ಆಗ ಮೌಸಮ್ಮ ಇರಲಿಲ್ಲ. ಕಾರ್ಖಾನೆಯವರು ಅಚ್ಚು ಮಾಡಿದ್ದು ಡ್ರಾಯಿಂಗ್ ನೋಡಿ. ಚೂಪು ಮೂಲೆ.

ಅಕ್ಕನ ಕುರ್ಚಿಯಲ್ಲಿರುವುದು ಅದೇ ಲಿವರ್. ನಾಲ್ಕು ವರ್ಷ. ದಿನಕ್ಕೆ ಆರು ಸಲ ಎಳೆದರೂ ಎಂಟು ಸಾವಿರದ ಏಳುನೂರು ದಾಟಿತು... ಹೆದರಿಕೆಯಾಗುತ್ತಿದೆ. ಇಷ್ಟು ಹೊತ್ತಿಗೆ ಇಳಿಜಾರಿನ ತುದಿಗೆ ಬಂದಿರುತ್ತಾಳೆ. ಫೋನ್ ಎತ್ತುತ್ತಿಲ್ಲ. ಇನ್ನೊಮ್ಮೆ ಮಾಡಿದೆ. ಇನ್ನೆರಡು ಸ್ಟಾಪ್. ಅಕ್ಕಾ, ಬ್ರೇಕ್ ನಂಬಬೇಡ, ಗೋಡೆ ಹಿಡ್ಕೊ —