ಫ್ರೀಜರಿನಲ್ಲಿಟ್ಟ ಇಂಜೆಕ್ಷನ್

ಅಕ್ಟೋಬರ್ 6, ಸಂಜೆ

ಅಕ್ಕನಿಗೂ ಹೇಳದ ಮಾತು. ಸೂಜಿ ಕಂಡರೆ ನನಗೆ ಜೀವವೇ ಹೋಗುತ್ತದೆ. ಕರೆಂಟ್ ಹೊಡೆದರೆ ನಕ್ಕು ಕೈ ಕೊಡವುತ್ತೇನೆ. ಶಾಲೆ ಬಿಟ್ಟ ದಿನ ಹೆಡ್‌ಮಾಸ್ಟರರ ಎದುರೂ ತಲೆ ತಗ್ಗಿಸಲಿಲ್ಲ. ಸೂಜಿ ಮಾತ್ರ ಆಗದು.

ರಿಪೇರಿ ಅಂಗಡಿಯಲ್ಲಿ ಫ್ರಿಜ್ ಒಂದಕ್ಕೆ ಗ್ಯಾಸ್ ತುಂಬುತ್ತಿದ್ದಾಗ ಅಕ್ಕನ ಫೋನು. ಮಗು ಆಸ್ಪತ್ರೆಯಿಂದ ಮನೆಗೆ ಬಂತು. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸು... ನಾಳೆಯೇ ಬರುತ್ತೇನೆ ಎಂದೆ. ಅಕ್ಕ ತಡವರಿಸಿದಳು. ಮಗುವನ್ನು ಎತ್ತಿಕೊಳ್ಳುವವರು ಈ ವರ್ಷದ ಫ್ಲೂ ಇಂಜೆಕ್ಷನ್ ಹಾಕಿಸಿಕೊಂಡಿರಲಿ ಎಂದಿದ್ದಾರಂತೆ ಡಾಕ್ಟರು. ಆರು ತಿಂಗಳು ತುಂಬದ ಮಗುವಿಗೆ ಅದನ್ನು ಹಾಕುವಂತಿಲ್ಲ. ಅಕ್ಕ ಬಸುರಿಯಾಗಿದ್ದಾಗಲೇ ಹಾಕಿಸಿಕೊಂಡಿದ್ದಳು. ಭಾವನದೂ ಆಗಿದೆ.

“ನಿಂಗೆ ಕಷ್ಟ ಆದ್ರೆ ಬೇಡ ಪುಟ್ಟಿ. ಬಾಗಿಲಲ್ಲಿ ನಿಂತು ನೋಡ್ಕೊಂಡು ಹೋಗುವಿಯಂತೆ.”

ಅಮ್ಮ ಹೋದ ಮೇಲೆ ನನ್ನನ್ನು ಸೊಂಟದಿಂದ ಇಳಿಸದೆ ಸಾಕಿದವಳು. ಅವಳ ಮಗುವನ್ನು ಬಾಗಿಲಲ್ಲಿ ನಿಂತು ನೋಡಲೇ?

ಅಕ್ಟೋಬರ್ 8

ಮೆಡಿಕಲ್ ಶಾಪಿನಿಂದ ಇಂಜೆಕ್ಷನ್ ತಂದೆ. ತಣ್ಣಗೆ ಇಡಿ, ಬೇಗ ಹಾಕಿಸಿಕೊಳ್ಳಿ ಎಂದರು. ಕ್ಲಿನಿಕ್ಕಿನ ಬಾಗಿಲವರೆಗೆ ಹೋದೆ. ಒಳಗೆ ಯಾರೋ “ಅಯ್ಯಪ್ಪಾ” ಎಂದರು. ಬಂದ ದಾರಿಯಲ್ಲೇ ವಾಪಸ್.

ಅಂಗಡಿಯಲ್ಲಿ ನಿನ್ನೆ ನಾನೇ ರಿಪೇರಿ ಮಾಡಿದ ಡೀಪ್ ಫ್ರೀಜರ್ ಇದೆ. ಅದರಲ್ಲಿಟ್ಟೆ. ನಮ್ಮ ಕಸುಬಿನಲ್ಲಿ ಎಷ್ಟು ತಣ್ಣಗಾದರೆ ಅಷ್ಟು ಮರ್ಯಾದೆ.

ಅಂಗಡಿಯ ಯಜಮಾನರು ಸಕ್ಕರೆ ಕಾಯಿಲೆಯವರು, ಅರವತ್ತು ದಾಟಿದವರು. ತಾವು ಹೋದ ವರ್ಷವೇ ಹಾಕಿಸಿಕೊಂಡಿದ್ದಾಯಿತು, ಮತ್ತೆ ಯಾಕೆ ಎನ್ನುತ್ತಾರೆ.

ಅಕ್ಟೋಬರ್ 9

ಬೆಳಿಗ್ಗೆ ನೋಡಿದರೆ ಕಲ್ಲಿನಂತೆ ಗಟ್ಟಿ. ಕ್ಲಿನಿಕ್ ಸೇರುವಷ್ಟರಲ್ಲಿ ಕರಗಿತ್ತು. ನೋಡಲು ಏನೂ ಆಗಿಲ್ಲ. ನರ್ಸಮ್ಮ ಈಗ ಜ್ವರವಿದೆಯೇ, ಹಿಂದೆ ಯಾವ ಇಂಜೆಕ್ಷನ್‌ಗಾದರೂ ಜೋರು ಅಲರ್ಜಿ ಆಗಿತ್ತೇ ಎಂದೆಲ್ಲ ಕೇಳಿದರು. ತೋಳು ಒರೆಸಿದರು. ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯುತ್ತಿತ್ತು. ಸಂಜೆಯ ಬಸ್ಸು ಹತ್ತಬಹುದಿತ್ತು.

“ಇದು ಫ್ರೀಜರಲ್ಲಿತ್ತು... ಗಟ್ಟಿಯಾಗಿತ್ತು” ಎಂದೆ.

ಅವರ ಕೈ ನಿಂತಿತು. ಇದು ತಂಪಾಗಿರಬೇಕು, ಹೆಪ್ಪುಗಟ್ಟಬಾರದು. ಒಮ್ಮೆ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು. ಕಸದ ಡಬ್ಬಿಗೆ ಹಾಕಿಬಿಟ್ಟರು. ಬೇರೆಯದು ಬರಲು ಕೆಲವು ದಿನ ಬೇಕು. ಇನ್ನೊಂದು ಪೆಟ್ಟು — ಹಾಕಿಸಿಕೊಂಡ ದಿನವೇ ಹೊರಡುವಂತಿಲ್ಲ, ಮೈಯಲ್ಲಿ ರೋಗ ತಡೆಯುವ ಶಕ್ತಿ ಹುಟ್ಟಲು ಸುಮಾರು ಎರಡು ವಾರ ಬೇಕಂತೆ.

ಅಕ್ಕನಿಗೆ ಫೋನು. ಸೂಜಿಯ ಭಯ, ಫ್ರೀಜರು, ಎಲ್ಲ ಒದರಿದೆ. ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ.

“ನೀನು ಹೇಳ್ದೆ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ, ಅಲ್ವಾ?”

“ಹೂಂ.”

“ಅದಕ್ಕೇ ಕಣೇ, ನಿನ್ನ ಕೈಗೆ ಕೊಡೋಕೆ ನಂಗೆ ಹೆದರಿಕೆ ಇಲ್ಲ. ನಿಧಾನವಾಗಿ ಬಾ. ನಾವೆಲ್ಲಿಗೂ ಓಡಿಹೋಗಲ್ಲ.”

ಫೋನಿಟ್ಟು ಕಂಪ್ರೆಸರ್ ಹಿಂದೆ ಕೂತು ಅತ್ತೆ. ಯಜಮಾನರು ನೋಡಿಯೂ ನೋಡದಂತೆ ಸ್ಕ್ರೂಡ್ರೈವರ್ ಹುಡುಕುತ್ತಿದ್ದರು. ಅದು ಅವರ ಜೇಬಿನಲ್ಲೇ ಇತ್ತು.

ಅಕ್ಟೋಬರ್ 13

ಆಯಿತು. ಬೇರೆ ಇಂಜೆಕ್ಷನ್ ಬಂದಿತ್ತು. ನರ್ಸಮ್ಮ ಮೂಲೆಯ ಫ್ರಿಜ್ ತೋರಿಸಿ, ಅದರ ಬಾಗಿಲಿನ ರಬ್ಬರ್ ಸರಿಯಿದೆಯಾ ನೋಡಿ ಹೇಳು ಎಂದರು. ಕೆಳಗಿನ ಅಂಚು ಸಡಿಲ, ಬಿಸಿನೀರಲ್ಲಿ ಮೆತ್ತಗಾಗಿಸಿ ಒತ್ತಿ ಕೂರಿಸಬೇಕು ಎನ್ನುವಷ್ಟರಲ್ಲಿ ತೋಳಿಗೆ ಹತ್ತಿ ಒತ್ತಿದ್ದರು! ಸ್ವಲ್ಪ ಹೊತ್ತು ಅಲ್ಲೇ ಕೂರಿಸಿಕೊಂಡರು.

ಅಕ್ಟೋಬರ್ 14

ತೋಳು ನೋವು. ಮೈ ಕೊಂಚ ಬೆಚ್ಚಗೆ. “ನೋಡ್ದ್ಯಾ ಸುಂಟರಗಾಳಿ, ಚುಚ್ಚಿಸ್ಕೊಂಡು ಜ್ವರ ತಂದ್ಕೊಂಡೆ” ಎಂದು ಯಜಮಾನರ ಕುಹಕ. ಸುಂಟರಗಾಳಿ ಎಂಬುದು ಅವರು ನನಗಿಟ್ಟ ಹೆಸರು.

ನರ್ಸಮ್ಮನಿಗೆ ಫೋನು ಮಾಡಿ ಸ್ಪೀಕರ್ ಹಾಕಿದೆ. ಇದರಿಂದ ಫ್ಲೂ ಬರುವುದಿಲ್ಲ, ಇದರಲ್ಲಿ ಜೀವಂತ ವೈರಸ್ ಇಲ್ಲ, ಈ ನೋವು ಒಂದೆರಡು ದಿನದ್ದು ಎಂದರು. ಹಾಕಿಸಿಕೊಂಡವರಿಗೂ ಫ್ಲೂ ಬರಬಹುದು, ಆದರೆ ಜೋರಾಗುವುದು ಕಡಿಮೆ. ವೈರಸ್ ವೇಷ ಬದಲಿಸುತ್ತದೆ, ಹಳೆಯ ಶಕ್ತಿಯೂ ಇಳಿಯುತ್ತದೆ. ಅದಕ್ಕೇ ವರ್ಷ ವರ್ಷ ಬೇಕು. ವಯಸ್ಸಾದವರಿಗೆ, ಸಕ್ಕರೆ ಕಾಯಿಲೆಯವರಿಗೆ ಇನ್ನೂ ಮುಖ್ಯ.

ಯಜಮಾನರು ಫ್ಯಾನ್ ನೋಡುತ್ತಾ ಕೂತರು. ಮಧ್ಯಾಹ್ನ ಎಲ್ಲಿಗೋ ಹೋಗಿ ಬಂದರು. ಸಂಜೆ ಶಟರ್ ಎಳೆಯಲು ಒಂದೇ ಕೈ ಎತ್ತುತ್ತಿದ್ದರು. ಶಟರಿನ ಇನ್ನೊಂದು ತುದಿ ನಾನು ಹಿಡಿದೆ.

ಅಕ್ಟೋಬರ್ 28, ಸಂಜೆ

ಬೆಳಿಗ್ಗೆ ಒಂದು ಸೀನು. ಇಂಜೆಕ್ಷನ್ ಆಗಿದ್ದರೂ ಕೆಮ್ಮು ನೆಗಡಿ ಇಟ್ಟುಕೊಂಡು ಕೂಸಿನ ಹತ್ತಿರ ಹೋಗಬಾರದು. ದಿನವಿಡೀ ಕಾದೆ. ಮತ್ತೆ ಬರಲಿಲ್ಲ. ಹಳೇ ಫ್ರಿಜ್ಜಿನ ಧೂಳಿಗೆ ಬಂದದ್ದಿರಬೇಕು. ಆದರೂ ಅಕ್ಕನಿಗೆ ಹೇಳಿದೆ. ನಕ್ಕಳು. ಹಿಂದೆ ಮಗು ಸಣ್ಣಗೆ ಕುಂಯ್‌ಗುಟ್ಟಿತು.

ಉಗುರು ಕತ್ತರಿಸಿದೆ. ಅಂಗೈಯ ಗ್ರೀಸ್ ಎಷ್ಟು ತಿಕ್ಕಿದರೂ ಪೂರ್ತಿ ಹೋಗಿಲ್ಲ.

ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ.