ಪಾಣಿಗ್ರಹಣವೆಂದುಕೊಂಡದ್ದು

ಸೌತ್‌ಫೀಲ್ಡ್, ಮಿಶಿಗನ್
೨೦ ಮಾರ್ಚ್ ೧೯೭೩

ಪ್ರೀತಿಯ ವತ್ಸಲಾ,

ಹೇಗಿದ್ದೀಯೆ? ರಾತ್ರಿ ನಿದ್ದೆ ಬರುತ್ತಿದೆಯೆ? ಮೈಸೂರಿನಲ್ಲಿ ಸೆಕೆ ಶುರುವಾಗಿರಬೇಕು. ಇಲ್ಲಿ ಹಿಮ ಕರಗಿದೆ, ಆದರೂ ಬೆಳಗ್ಗೆ ಫ್ಯಾರನ್‌ಹೀಟ್ ಮೂವತ್ತು ಡಿಗ್ರಿ ದಾಟುವುದಿಲ್ಲ. ನಾನು ಆರೋಗ್ಯವಾಗಿದ್ದೇನೆ. ನೀನು ಮಾಡಿಟ್ಟು ಹೋದ ಸಾರಿನ ಪುಡಿ ಮುಗಿಯಿತು. ಡಬ್ಬ ಇನ್ನೂ ತೊಳೆದಿಲ್ಲ.

ಮೊನ್ನೆ ಭಾನುವಾರ ನಮ್ಮ ಆಫೀಸಿನ ಉಪೇಂದ್ರ, ಅದೇ ಧಾರವಾಡದವರು, ಬಲವಂತ ಮಾಡಿ ಮ್ಯೂಸಿಯಮ್ಮಿಗೆ ಕರೆದೊಯ್ದರು. ಅವರ ಮಗಳು ಛಾಯಾ ಕೂಡ ಬಂದಿದ್ದಳು. ಅಲ್ಲಿ ಪ್ರಾಚೀನ ಗ್ರೀಸಿನ ಅಮೃತಶಿಲೆಯ ಹಲಗೆಯೊಂದಿತ್ತು, ನನ್ನ ಎದೆಯೆತ್ತರದ್ದು. ಎಳೆಯ ಹುಡುಗಿಯೊಬ್ಬಳು ನಿಂತಿದ್ದಾಳೆ. ಗಡ್ಡದ ಹಿರಿಯನೊಬ್ಬ ಕೂತು ಅವಳ ಬಲಗೈ ಹಿಡಿದಿದ್ದಾನೆ. "ನೋಡಿ, ಇವರಲ್ಲೂ ಪಾಣಿಗ್ರಹಣ ಇತ್ತು! ವರನಿಗೇ ಸ್ವಲ್ಪ ವಯಸ್ಸಾಗಿದೆ" ಎಂದು ನಕ್ಕೆ. ನೀನು ಊರಿಗೆ ಹೊರಟ ಮೇಲೆ ನಾನು ನಕ್ಕದ್ದು ಅದೇ ಮೊದಲಿರಬೇಕು. ಉಪೇಂದ್ರ ಗೋಡೆಯ ಮೇಲಿನ ವಿವರ ಓದಿ ನನ್ನ ತೋಳು ಹಿಡಿದರು. "ಮದುವಿ ಅಲ್ರೀ ಮೌಳಿ. ಹುಡುಗಿ ತೀರಿಕೊಂಡಾಳ. ಅಪ್ಪ ಕಳಸಾಕತ್ತಾನ" ಎಂದರು. ಅದು ಅವಳ ಗೋರಿಯ ಬಳಿ ನಿಲ್ಲಿಸಿದ್ದ ಕಲ್ಲಂತೆ. ಎರಡು ಸಾವಿರದ ಮುನ್ನೂರು ವರ್ಷವಾಗಿದೆ, ಹೆಸರು ಇನ್ನೂ ಓದಲು ಬರುತ್ತದೆ. ಛಾಯಾ ಇಂಗ್ಲಿಷಿನಲ್ಲಿ ಕೇಳಿದಳು, "ಅಂಕಲ್, ನಮ್ಮ ರೇಣುವಿನ ಕಲ್ಲು ಎಲ್ಲಿದೆ?" ಎಂದು. "ಸುಮ್ನಿರವಾ" ಎಂದು ಉಪೇಂದ್ರ ಗದರಿದರು.

ನಾಲ್ಕು ವರ್ಷದ ರೇಣುವನ್ನು ನಮ್ಮ ಪದ್ಧತಿಯಂತೆ ಮಣ್ಣು ಮಾಡಿದೆವು, ಗುರುತು ಇಡಲಿಲ್ಲ. "ಮೇಲೆ ಕಲ್ಲು ಹೇರಿದ್ರೆ ಮಗು ತಿರುಗಿ ನನ್ನ ಹೊಟ್ಟೆಗೆ ಹೇಗ್ರೀ ಬರುತ್ತೆ?" ಎಂದು ನೀನು ಕೇಳಿದ್ದೆ, ನಾನೂ ಒಪ್ಪಿದ್ದೆ. ಆದರೆ ವತ್ಸಲಾ, ಮ್ಯೂಸಿಯಮ್ಮಿನಿಂದ ನೇರ ಸ್ಮಶಾನಕ್ಕೆ ಹೋದೆ, ನಮ್ಮ ಮಗಳ ಜಾಗ ನನಗೆ ಗೊತ್ತಾಗಲಿಲ್ಲ. ಎಲ್ಲ ಕಡೆ ಒಂದೇ ಹುಲ್ಲು. ಕಾವಲಿನವನು ಬಂದು ತೋರಿಸಬೇಕಾಯಿತು.

ಮಾವನವರಿಗೂ ಅತ್ತೆಯವರಿಗೂ ನಮಸ್ಕಾರ ತಿಳಿಸು. ಊಟ ಬಿಡಬೇಡ.

ನಿನ್ನ
ಚಂದ್ರಮೌಳಿ

ತಾ.ಕ.: ನಿನ್ನನ್ನು ಕೇಳದೆ ಕಲ್ಲಿಗೆ ಹೇಳಿಬಿಟ್ಟೆ. ಚಿಕ್ಕದು. ಮೇಲೆ ಭಾರ ಬೀಳದಂತೆ ತಲೆಯ ಕಡೆ, ಒಂದು ಮಗ್ಗುಲಿಗೆ ನಿಲ್ಲಿಸುತ್ತಾರೆ. ಅವಳು ಬರುವ ದಾರಿಗೆ ಅಡ್ಡವಾಗುವುದಿಲ್ಲ. ಕೆತ್ತುವವನಿಗೆ ಕನ್ನಡ ಬಾರದು, ಬರೆದುಕೊಟ್ಟ ಅಕ್ಷರವನ್ನೇ ನೋಡಿ ಕೆತ್ತುತ್ತಾನೆ. ಅವಳ ಕೈ ಹಿಡಿದು ಹೆಸರಿನ ಅಕ್ಷರ ತಿದ್ದಿಸಿದವಳು ನೀನು. ಅಂಚೆಯಲ್ಲಿ ಕಳಿಸಬೇಡ. ಬಂದು ಬರೆದುಕೊಡು.