ಮೂರನೆಯ ಕಾಲಂ

ದೊಣೆಮರಡಿ,
ಫೆಬ್ರವರಿ 30, 2187

ಪೂಜ್ಯ ತಿಪ್ಪೇರುದ್ರಪ್ಪಜ್ಜನವರಿಗೆ, ಆರನೆಯ ತಲೆಮಾರಿನ ಮೊಮ್ಮಗ ಬೊಮ್ಮಲಿಂಗನ ನಮಸ್ಕಾರಗಳು.

ಮೊದಲು ತಪ್ಪೊಪ್ಪಿಗೆ. ಇಂದು ಬೆಳಿಗ್ಗೆ, ಸ್ವಸ್ಥಚಿತ್ತನಾಗಿ, ಯಾರ ಒತ್ತಾಯವೂ ಇಲ್ಲದೆ, ಊರ ದಾಖಲೆಮನೆಯಿಂದ ಒಂದು ಹಾಳೆ ಕದ್ದಿದ್ದೇನೆ. ದಾಖಲೆಮನೆಯ ಪಾಲಕ ನಾನೇ ಆದ್ದರಿಂದ ಕಳ್ಳನನ್ನು ಹಿಡಿಯುವ ಹೊಣೆಯೂ ನನ್ನದೇ. ತನಿಖೆ ನಿಧಾನವಾಗಿ ಸಾಗಿದೆ.

ತಾರೀಕು ನೋಡಿ ನನಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ಫೆಬ್ರವರಿಗೆ ನಾವು ಮೂವತ್ತನೆಯ ದಿನವೊಂದನ್ನು ಸೇರಿಸಿಕೊಂಡಿದ್ದೇವೆ, ಅದಕ್ಕೆ ‘ಆದೀತು ದಿನ’ ಎನ್ನುತ್ತೇವೆ. ಅಂದು ಯಾರೂ ಕೆಲಸಕ್ಕೆ ಹೋಗುವುದಿಲ್ಲ. ಊರಿನವರೆಲ್ಲ ಕೂತು, ಈ ವರ್ಷ ಮಾಡಿದ್ದು ನೆಟ್ಟಗಾಯಿತೇ ಎಂದು ನೋಡಿ, ಅದು ಮುಂದೆ ಏನೇನಾದೀತು ಎಂದು ಬಾಯಿಗೆ ಬಂದಂತೆ ಹೇಳುತ್ತಾರೆ. ಚೀಟಿ ಎತ್ತಿ ಆರಿಸಿದ ಏಳು ಜನ ಎದುರಿನ ಕಟ್ಟೆಯ ಮೇಲೆ ಕೂರುತ್ತಾರೆ. ಅವರಿಗೆ ನಾಳೆಗಾರರು ಎಂದು ಹೆಸರು. ಇನ್ನೂ ಹುಟ್ಟದವರ ಪರವಾಗಿ ಜಗಳ ಆಡುವುದು ಅವರ ಕೆಲಸ. ಹೋದ ವರ್ಷ ನನ್ನ ಹೆಂಡತಿ ನಾಳೆಗಾರ್ತಿಯಾಗಿದ್ದಳು. ಇವತ್ತಿನ ನನ್ನನ್ನು ಬೈದದ್ದು ಸಾಲದೆಂದು ನಾಳೆಯ ನನ್ನನ್ನೂ ಬೈದಳು.

ಇದೆಲ್ಲ ಶುರುವಾದದ್ದು ನೀವು ಸರ್ಕಾರದ ನಲ್ಲಿ ನೀರಿನ ಯೋಜನೆಯ ಮೌಲ್ಯಮಾಪನಕ್ಕೆ ಬಂದ ದಿನ. ಆಗ ಊರಿನಲ್ಲಿ ನಲ್ಲಿ ಇತ್ತು, ನಲ್ಲಿಯಲ್ಲಿ ಮಾತ್ರ ನೀರಿರಲಿಲ್ಲ. ನಿಮ್ಮ ಫಾರಂನಲ್ಲಿ ‘ಆಯಿತು’, ‘ಆಗಲಿಲ್ಲ’ ಎಂದು ಎರಡು ಕಾಲಂ. ಭೂತಕಾಲಕ್ಕೆ ಎರಡು ಕಾಲಂ ಕೊಟ್ಟು, ಬರುವ ಕಾಲಕ್ಕೆ ಒಂದೂ ಕೊಡದ ಫಾರಂ ಅದು. ಸಭೆಯ ನಡವಳಿ ನಮ್ಮಲ್ಲಿದೆ. ಬೀಡಿ ಕಟ್ಟುತ್ತಿದ್ದ ಸಣ್ಣಬೋರಮ್ಮ ಎದ್ದು ಕೇಳಿದರಂತೆ: “ಸ್ವಾಮಿ, ಆತು, ಆಗ್ಲಿಲ್ಲ ಅಂತ ಎಲ್ಡೇ ಬರ್ಕಂಡ್ರೆ, ಆದೀತು ಅನ್ನಾದುನ್ನ ಯಾರ ಮನಿಗೆ ಕಳಿಸ್ತೀರಿ?”

ಆಮೇಲೆ ಒಬ್ಬೊಬ್ಬರೂ ಬಾಯಿ ಬಿಟ್ಟರು. ಬೋರು ಬತ್ತಿ ಊರೇ ಗುಳೆ ಹೋದೀತು ಎಂದರು ಒಬ್ಬರು. ಬಚ್ಚಲ ನೀರೇ ಸೋಸಿಕೊಂಡು ತಿರುಗಿ ನಲ್ಲಿಗೆ ಬಂದೀತು ಎಂದರು ಇನ್ನೊಬ್ಬರು. “ಹಂಗಾರೆ ನಿನ್ನ ಬಚ್ಚಲದ್ದು ನೀನೇ ಕುಡಿಯವ್ವ” ಎಂದು ಸಭೆ ಮೂಗು ಮುಚ್ಚಿಕೊಂಡು ನಕ್ಕಿತು. ಫಾರಂನಲ್ಲಿ ಅಂದೇ ಹೊಸದಾಗಿ ಎಳೆದ ಮೂರನೆಯ ಕಾಲಂನಲ್ಲಿ ಎರಡೂ ದಾಖಲಾದವು. ನಡವಳಿಯಲ್ಲಿ ಮೊದಲನೆಯದನ್ನು ಓದಿ ಓದಿ ಹೆದರಿದ ಊರು, ಕೊನೆಗೆ ಎರಡನೆಯದನ್ನು ಕಟ್ಟಿತು.

ಅಜ್ಜ, ಅದನ್ನು ನೀವು ನೋಡಬೇಕಿತ್ತು. ಈಗ ಪ್ರತಿ ಓಣಿಯ ಪಕ್ಕದಲ್ಲೂ ಒಂದು ಜೊಂಡುಬೀದಿ ಇದೆ. ಬೀದಿಯೆಂದರೆ ಜನರದ್ದಲ್ಲ, ನೀರಿನದ್ದು. ಬಚ್ಚಲಿನಿಂದ ಹೊರಟ ನೀರು ಮರಳಿನಲ್ಲಿ ಇಳಿದು, ಜೊಂಡಿನ ಬೇರುಗಳಲ್ಲಿ ಸುತ್ತಿ, ಒಂಬತ್ತನೆಯ ದಿನ ಮನೆಗೆ ಮರಳುತ್ತದೆ. ಬೆಳಿಗ್ಗೆ ಲೋಟ ಎತ್ತಿ ಬೆಳಕಿಗೆ ಹಿಡಿಯುತ್ತೇನೆ. ನೂರೈವತ್ತು ವರ್ಷದ ಹಿಂದೆ ಬೀಡಿ ಕಟ್ಟುವವರ ನಡುವೆ ಎದ್ದ ಒಂದು ನಗೆ ಅದರಲ್ಲಿ ತಿಳಿಯಾಗಿ ನಿಂತಿರುತ್ತದೆ. ಪ್ರತಿದಿನವೂ ಅದನ್ನು ನೋಡಿಯೇ ಕುಡಿಯುತ್ತೇನೆ.

ಆ ಕಾಲಂ ಎಳೆದವರು ನೀವೇ ಎಂದು ಊರು ನಂಬಿದೆ. ನಮ್ಮದು ಕಾಲಂ ಮನೆತನ. ಮದುವೆಯ ಕರೆಯೋಲೆಯಲ್ಲೂ ನಾವು ಮೂರು ಗೆರೆ ಅಚ್ಚು ಹಾಕಿಸುತ್ತೇವೆ. ದೂರದೃಷ್ಟಿ ನಮ್ಮ ರಕ್ತದಲ್ಲೇ ಇದೆ ಎಂದು ನಾನು ಭಾಷಣ ಮಾಡಿದ್ದು ಎಷ್ಟು ಸಲವೋ. ಇಂದು ಸಂಜೆ ನೀವು ಊರಿಗೆ ಬಿಟ್ಟುಹೋದ ಮೂಲ ಹಾಳೆಯನ್ನು ಮೊದಲ ಬಾರಿಗೆ ಪೆಟ್ಟಿಗೆಯಿಂದ ತೆಗೆದು ಜನರಿಗೆ ತೋರಿಸಬೇಕು. ತೋರಿಸುವವನು ನಾನು. ಅಭ್ಯಾಸಕ್ಕೆಂದು ಬೆಳಿಗ್ಗೆಯೇ ತೆಗೆದು ನೋಡಿದೆ.

ಮೂರನೆಯ ಕಾಲಂ ಸೊಟ್ಟಗೆ, ಪೆನ್ಸಿಲಿನಲ್ಲಿದೆ. ಎಳೆದದ್ದು ಸಣ್ಣಬೋರಮ್ಮ, ತುದಿಯಲ್ಲಿ ಆಕೆಯ ಹೆಸರಿದೆ. ಅದರ ಮೇಲೆ ಉದ್ದಕ್ಕೂ ನೀಲಿ ಇಂಕಿನ ಗೀಟು, ಪಕ್ಕದಲ್ಲಿ ‘ಅನಗತ್ಯ’, ಕೆಳಗೆ ನಿಮ್ಮ ಸಹಿ. ಸಹಿಯ ಕೆಳಗೆ ಮತ್ತೆ ಪೆನ್ಸಿಲಿನಲ್ಲಿ, ಆಕೆಯ ಅಕ್ಷರ: ‘ಇರ್ಲಿ ಬಿಡ್ರಿ’.

ಅದಕ್ಕೇ ಕದ್ದೆ.

ಈ ಕಾಗದ ಕಾಲದಲ್ಲಿ ಹಿಂದಕ್ಕೆ ಹೋಗಿ ನಿಮ್ಮನ್ನು ತಲುಪೀತು ಎಂದುಕೊಂಡರೆ, ಆಗ ನೀವು ಸಭೆ ಮುಗಿಸಿ ಪೆನ್ನಿನ ಮುಚ್ಚಳ ತೆಗೆಯುತ್ತಿರುತ್ತೀರಿ. ಕೈಮುಗಿದು ಕೇಳುತ್ತೇನೆ, ಮುಚ್ಚಳ ಮತ್ತೆ ಹಾಕಿಬಿಡಿ. ನೀವು ಹಾಕಿದರೆ ಇಲ್ಲಿ ಗೀಟು ತಾನಾಗಿ ಮಾಯವಾದೀತು ಎಂದು ಅರ್ಧ ಗಂಟೆಯಿಂದ ಹಾಳೆಯನ್ನೇ ನೋಡುತ್ತಿದ್ದೇನೆ. ಗೀಟು ಅಲ್ಲೇ ಇದೆ. ಹೊರಗೆ ಜನ ಸೇರುತ್ತಿದ್ದಾರೆ. ಹಾಳೆಯನ್ನು ಹಾಗೆಯೇ ತೋರಿಸಿಬಿಡುತ್ತೇನೆ, ಮನೆತನದ ಮಾನ ಹೋದರೆ ಹೋಗಲಿ.

‘ಹಾಗೆಯೇ’ ಎಂದೆ. ಅದೂ ಪೂರ್ತಿ ನಿಜವಲ್ಲ. ಕಾಗದ ಬರೆಯಲು ಕೂರುವ ಮೊದಲು ರಬ್ಬರು ಹಾಕಿ ಉಜ್ಜಿ ನೋಡಿದ್ದೆ. ನಿಮ್ಮ ಇಂಕು ಕದಲಲಿಲ್ಲ. ಆಕೆಯ ‘ಇರ್ಲಿ’ ಅಳಿಸಿಹೋಗಿ ‘ಬಿಡ್ರಿ’ ಒಂದೇ ಉಳಿದಿದೆ. ನಾನು ನಿಮ್ಮ ವಂಶದವನೇ ಎಂಬುದಕ್ಕೆ ಇನ್ನು ಬೇರೆ ಪುರಾವೆ ಬೇಕಾಗಲಿಕ್ಕಿಲ್ಲ.

ಇಂತು,
ಬೊಮ್ಮಲಿಂಗ